ಕೆಮಿಸ್ಟ್ರಿ ಫಾದರ್ ಸಂಬಳ ಎಲ್ಲಿಗೆ ಹೋಗುತ್ತೆ?

ಜೆಸ್ವಿಟರು, ಅಂದರೆ ಯೇಸುಸಭೆ ಎಂಬ ಕ್ಯಾಥೊಲಿಕ್ ಧಾರ್ಮಿಕ ಸಭೆಯವರು, ಕಟ್ಟಿದ ಯಾವುದಾದರೂ ಯೂನಿವರ್ಸಿಟಿಯ ಕೆಮಿಸ್ಟ್ರಿ ವಿಭಾಗಕ್ಕೆ ಹೋಗಿ ಬಾಗಿಲುಗಳ ಮೇಲಿನ ಹೆಸರುಗಳನ್ನು ಓದುತ್ತಾ ಬನ್ನಿ. ಒಂದು ಬಾಗಿಲ ಮೇಲೆ ಹೆಸರಾದ ಮೇಲೆ ಒಂದು ಕಾಮಾ, ಆಮೇಲೆ ‘ಎಸ್.ಜೆ.’ ಎಂದು ಎರಡಕ್ಷರ ಇರಬಹುದು. ಒಳಗಿರುವವರು ಪಕ್ಕದ ಕೋಣೆಯವರಂತೆಯೇ ಪಾಠ ಮಾಡುತ್ತಾರೆ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುತ್ತಾರೆ, ಪೇಪರ್ ತಿದ್ದಿ ತಿದ್ದಿ ಸುಸ್ತಾಗುತ್ತಾರೆ. ಸಂಬಳವೂ ಅದೇ ದರ್ಜೆಯದೇ. ಆದರೆ ಆ ಸಂಬಳದಲ್ಲಿ ಒಂದು ಪೈಸೆಯೂ ಅವರದಲ್ಲ.

ಸಂಜೆ ಪಕ್ಕದ ಕೋಣೆಯವರು ಗಾಡಿ ಹತ್ತಿ ಹೆಂಡತಿ ಮಕ್ಕಳಿರುವ ಮನೆಗೆ ಹೋಗುತ್ತಾರೆ. ಇವರು ಕ್ಯಾಂಪಸ್ಸಿನೊಳಗೇ ನಡೆದು ಒಂದು ಕಟ್ಟಡಕ್ಕೆ ಹೋಗುತ್ತಾರೆ. ಅಲ್ಲಿ ಹತ್ತಾರು ಗಂಡಸರು ಒಟ್ಟಿಗೆ ಇದ್ದಾರೆ. ಒಂದೇ ಅಡುಗೆಮನೆ, ಒಂದೇ ಪ್ರಾರ್ಥನಾಲಯ, ಒಂದೇ ಲೆಕ್ಕದ ಪುಸ್ತಕ. ವಿದ್ಯಾರ್ಥಿಗಳು ನಾಲ್ಕು ವರ್ಷ ಅದರ ಮುಂದೆಯೇ ಓಡಾಡಿ, ಒಳಗೇನಿದೆ ಅಂತ ತಿಳಿಯದೆಯೇ ಡಿಗ್ರಿ ತಗೊಂಡು ಹೋಗಿಬಿಡುತ್ತಾರೆ. ಅದು ಹಾಸ್ಟೆಲ್ಲೂ ಅಲ್ಲ, ಸ್ಟಾಫ್ ಕ್ವಾರ್ಟರ್ಸೂ ಅಲ್ಲ. ಅದೊಂದು ಮನೆ. ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಗಂಟು ಒಂದೇ: ಮನೆ ಬೇರೆ, ಯೂನಿವರ್ಸಿಟಿ ಬೇರೆ. ಒಂದೇ ಬೇಲಿಯೊಳಗೆ ಇದ್ದರೂ ಎರಡಕ್ಕೂ ಬೇರೆ ಬೇರೆ ಯಜಮಾನರು.

ಮೊದಲು ಒಂದು ಗೊಂದಲ ಬಿಡಿಸೋಣ. ಫಾದರ್ ಅಂದರೆ ಎಲ್ಲರೂ ಒಂದೇ ಥರ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಊರಿನ ಚರ್ಚ್ ನೋಡಿಕೊಳ್ಳುವ ಫಾದರ್ ಸಾಮಾನ್ಯವಾಗಿ ಬಿಷಪ್ಪರ ಕೈಕೆಳಗಿನವರು. ಅವರು ಮದುವೆಯಾಗುವುದಿಲ್ಲ, ಬಿಷಪ್ಪರ ಮಾತು ಕೇಳುತ್ತಾರೆ. ಆದರೆ ಅವರಿಗೆ ಬಡತನದ ವ್ರತ ಇಲ್ಲ. ಸ್ವಂತ ಬ್ಯಾಂಕ್ ಖಾತೆ, ಸ್ವಂತ ಕಾರು ಇರಬಹುದು. ಧಾರ್ಮಿಕ ಸಭೆಗೆ ಸೇರಿದವರ ಕತೆ ಬೇರೆ. ಯೇಸುಸಭೆ, ಡೊಮಿನಿಕನ್, ಬೆನೆಡಿಕ್ಟೈನ್, ಹೋಲಿ ಕ್ರಾಸ್, ಹೀಗೆ ಹಲವು ಸಭೆಗಳಿವೆ. ಇವರು ವ್ರತ ತೊಟ್ಟು ಒಟ್ಟಿಗೆ ಬದುಕುವವರು. ಇವರಲ್ಲಿ ಎಲ್ಲರೂ ಫಾದರ್ ಆಗಿರಬೇಕೆಂದೂ ಇಲ್ಲ. ಗುರುದೀಕ್ಷೆ ಪಡೆಯದ, ಅಂದರೆ ಪಾದ್ರಿಯಾಗದ ಬ್ರದರ್‌ಗಳೂ ಅದೇ ಮನೆಯವರು. ಹೆಂಗಸರ ಸಭೆಗಳಿಗೂ ಇದೇ ಥರದ ಮನೆಗಳಿವೆ, ಅವರು ಕಟ್ಟಿ ನಡೆಸಿದ ಕಾಲೇಜುಗಳೂ ಸಾಕಷ್ಟಿವೆ. ಹೆಸರಾದ ಮೇಲೆ ಬರುವ ಎಸ್.ಜೆ., ಒ.ಪಿ., ಒ.ಎಸ್.ಬಿ., ಸಿ.ಎಸ್.ಸಿ. ಮುಂತಾದ ಅಕ್ಷರಗಳನ್ನು ಮನೆತನದ ಹೆಸರು ಅಂದುಕೊಳ್ಳಿ.

ಈಗ ಸಂಬಳದ ವಿಚಾರ. 1983ರ ಚರ್ಚ್ ಕಾನೂನು ಸಂಹಿತೆಯ 668ನೇ ವಿಧಿ ಇದನ್ನು ನೇರವಾಗಿಯೇ ಹೇಳುತ್ತದೆ. ಸಭೆಯ ಸದಸ್ಯ ತನ್ನ ದುಡಿಮೆಯಿಂದ ಗಳಿಸಿದ್ದೆಲ್ಲ ಸಭೆಗೆ ಸೇರುತ್ತದೆ. ಪೆನ್ಷನ್ನೂ ಅಷ್ಟೇ. ಹಾಗಾಗಿ ಯೂನಿವರ್ಸಿಟಿ ಕೊಡುವ ಸಂಬಳ ಮನೆಯ ಖಾತೆಗೆ ಹೋಗುತ್ತದೆ. ಎಲ್ಲರ ಊಟ, ಬಟ್ಟೆ, ಔಷಧಿ, ಪ್ರಯಾಣ, ಮನೆಯ ರಿಪೇರಿ ಎಲ್ಲ ಅಲ್ಲಿಂದಲೇ. ವಯಸ್ಸಾದವರ ಆರೈಕೆಗೆ, ಹೊಸದಾಗಿ ಸೇರಿದ ಹುಡುಗರ ಓದಿಗೆ ಒಂದು ಪಾಲು ಪ್ರಾಂತ್ಯಕ್ಕೆ, ಅಂದರೆ ಒಂದು ಪ್ರದೇಶದ ಮನೆಗಳೆಲ್ಲ ಸೇರಿದ ಸಭೆಯ ಘಟಕಕ್ಕೆ, ಹೋಗುತ್ತದೆ. ಅಮೆರಿಕದ ಜೆಸ್ವಿಟ್ ಯೂನಿವರ್ಸಿಟಿಗಳಲ್ಲಿ ಇನ್ನೂ ಒಂದು ಸ್ವಾರಸ್ಯ ಇದೆ. ಮಿಕ್ಕ ಹಣವನ್ನು ಮನೆಯವರು ಎಷ್ಟೋ ಸಲ ಸ್ಕಾಲರ್‌ಶಿಪ್ಪಿಗೋ ಮತ್ತೊಂದಕ್ಕೋ ಅಂತ ಯೂನಿವರ್ಸಿಟಿಗೇ ದೇಣಿಗೆ ಕೊಡುತ್ತಾರೆ. ಈ ಕೈಯಿಂದ ಸಂಬಳ, ಆ ಕೈಯಿಂದ ದಾನ. ಸುಮ್ನೆ ಸುತ್ತಿ ಬಳಸಿ ಯಾಕೆ, ಸಂಬಳವನ್ನೇ ಕಡಿಮೆ ಮಾಡಬಹುದಲ್ಲ ಅಂತ ಕೇಳಬಹುದು. ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಬಡತನದ ವ್ರತ ಅಂದರೆ ಹರಿದ ಬಟ್ಟೆ, ಉಪವಾಸ ಅಂತಲ್ಲ. ನಿಜ ಹೇಳಬೇಕೆಂದರೆ ಎಷ್ಟೋ ಮನೆಗಳು ಸಾಕಷ್ಟು ಅನುಕೂಲವಾಗಿಯೇ ಇವೆ. ಊಟದ ಮೇಜೂ ಬಡವಾಗಿರುವುದಿಲ್ಲ. ಇದನ್ನು ನೋಡಿ ನಗುವವರು ಹೊರಗೂ ಇದ್ದಾರೆ, ಒಳಗೂ ಇದ್ದಾರೆ. ಈ ಬಡತನದ ತೂಕ ಇರುವುದು ಬೇರೆ ಕಡೆ. ‘ನನ್ನದು’ ಅಂತ ಹೇಳಿಕೊಳ್ಳಲು ಏನೂ ಇಲ್ಲ, ಬೇಕಾದದ್ದನ್ನೆಲ್ಲ ಕೇಳಿ ಪಡೆಯಬೇಕು. ಕಾರಿನ ವಿಷಯವನ್ನೇ ತಗೊಳ್ಳಿ. ಮನೆಗೆ ನಾಲ್ಕು ಕಾರು, ಓಡಿಸುವವರು ಇಪ್ಪತ್ತು ಜನ. ಬಾಗಿಲ ಹತ್ತಿರ ಕೊಕ್ಕೆಗಳಿಗೆ ಕೀ ನೇತುಹಾಕಿರುತ್ತಾರೆ, ಪಕ್ಕದಲ್ಲೊಂದು ಪುಸ್ತಕ, ದಾರ ಕಟ್ಟಿದ ಪೆನ್ನು. ಯಾರಿಗೆ, ಯಾವಾಗ, ಎಷ್ಟು ಹೊತ್ತಿಗೆ ಬೇಕು ಅಂತ ಬರೆಯಬೇಕು. ಅರವತ್ತು ದಾಟಿದ, ದೇಶ ವಿದೇಶಗಳಲ್ಲಿ ಹೆಸರು ಮಾಡಿದ ಪ್ರೊಫೆಸರ್ ಹಲ್ಲಿನ ಡಾಕ್ಟರ್ ಹತ್ತಿರ ಹೋಗಲಿಕ್ಕೆ ಆ ಪುಸ್ತಕದಲ್ಲಿ ಹೆಸರು ಬರೆದು ಹೋಗುತ್ತಾರೆ. ವಾಪಸ್ ಬಂದವರು ಪೆಟ್ರೋಲ್ ಹಾಕಿಸದೇ ನಿಲ್ಲಿಸಿದರೆ ರಾತ್ರಿ ಊಟದ ಹೊತ್ತಿಗೆ ಮಾತು ಕೇಳಬೇಕಾಗುತ್ತದೆ. ವ್ರತದ ಬಗ್ಗೆ ದೊಡ್ಡ ದೊಡ್ಡ ಪುಸ್ತಕ ಓದುವುದಕ್ಕಿಂತ ಆ ಕೊಕ್ಕೆಗಳ ಮುಂದೆ ಹತ್ತು ನಿಮಿಷ ನಿಂತರೆ ಜಾಸ್ತಿ ಗೊತ್ತಾಗುತ್ತದೆ ಅನ್ನಿಸುತ್ತದೆ ನನಗೆ.

ಒಟ್ಟಿಗೆ ಬದುಕುವ ಈ ಕ್ರಮದ ಒಂದು ಹಳೆಯ ಬೇರು ಆರನೇ ಶತಮಾನದ್ದು. ಇಟಲಿಯ ಸಂತ ಬೆನೆಡಿಕ್ಟ್ ಬರೆದ ನಿಯಮಾವಳಿಗೆ 73 ಅಧ್ಯಾಯಗಳಿವೆ. ಅದರಲ್ಲಿ ಧ್ಯಾನ, ವಿನಯಗಳ ಮಾತು ಎಷ್ಟಿದೆಯೋ ಪಾತ್ರೆ ಪರಡಿಗಳ ಮಾತೂ ಅಷ್ಟೇ ಇದೆ. 35ನೇ ಅಧ್ಯಾಯ ಅಡುಗೆಮನೆಯ ಸರದಿಯದು. ವಾರಕ್ಕೊಬ್ಬರಂತೆ ಎಲ್ಲರೂ ಬಡಿಸಬೇಕು. ಸರದಿ ಮುಗಿಸುವವರು ಶನಿವಾರ ಟವೆಲ್ಲುಗಳನ್ನು ಒಗೆಯಬೇಕು, ಪಾತ್ರೆಗಳನ್ನು ತೊಳೆದು ಉಗ್ರಾಣದವರಿಗೆ ಲೆಕ್ಕ ಒಪ್ಪಿಸಬೇಕು. ಸರದಿ ಮುಗಿಸುವವರು, ಶುರು ಮಾಡುವವರು ಇಬ್ಬರೂ ಸೇರಿ ಎಲ್ಲರ ಕಾಲು ತೊಳೆಯಬೇಕು. 38ನೇ ಅಧ್ಯಾಯದ ಪ್ರಕಾರ ಊಟದ ಹೊತ್ತಿಗೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಬಾಯಿ ಬಿಡಬಾರದು. ಏನಾದರೂ ಬೇಕಾದರೆ ಸನ್ನೆಯಲ್ಲೇ ಕೇಳಬೇಕು.

ಯೂನಿವರ್ಸಿಟಿಯ ಕಣ್ಣಿಂದ ನೋಡಿದರೆ 63ನೇ ಅಧ್ಯಾಯ ತುಂಬಾ ಮಜವಾಗಿದೆ. ಹಿರಿತನ ಯಾರದು ಅಂತ ತೀರ್ಮಾನ ಮಾಡುವುದು ವಯಸ್ಸಲ್ಲ, ಪದವಿಯಲ್ಲ, ಮಠಕ್ಕೆ ಬಂದು ಸೇರಿದ ಗಳಿಗೆ. ಬೆಳಗ್ಗೆ ಬಂದವನು ಅದೇ ದಿನ ಸ್ವಲ್ಪ ಹೊತ್ತಾದ ಮೇಲೆ ಬಂದವನಿಗಿಂತ ಹಿರಿಯ. ಅಂದರೆ ಹಗಲು ಆಫೀಸಿನಲ್ಲಿ ಡೀನ್ ಆಗಿರುವವರು ಸಂಜೆ ಪ್ರಾರ್ಥನೆಗೆ ಸಾಲು ನಿಂತಾಗ ತೋಟ ನೋಡಿಕೊಳ್ಳುವ ಬ್ರದರ್‌ಗಿಂತ ಹಿಂದೆ ನಿಲ್ಲಬೇಕಾಗಬಹುದು. ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ ಎಂಬ ಏಣಿಗೆ ಮನೆಯೊಳಗೆ ಜಾಗ ಇಲ್ಲ. ಕಡೇ ಪಕ್ಷ ಕಾಗದದ ಮೇಲೆ ಇಲ್ಲ.

ಸಭೆಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ತುಂಬಾ ವ್ಯತ್ಯಾಸ ಇದೆ, ಅದು ಕ್ಯಾಂಪಸ್ಸಿನ ಗಡಿಯಾರದಲ್ಲೇ ಕಾಣುತ್ತದೆ. ಅಮೆರಿಕದ ಮಿನೆಸೋಟಾ ರಾಜ್ಯದ ಕಾಲೇಜ್‌ವಿಲ್‌ನಲ್ಲಿ ಸೇಂಟ್ ಜಾನ್ಸ್ ಯೂನಿವರ್ಸಿಟಿ ಇದೆ. ಮೊದಲು ಹುಟ್ಟಿದ್ದು ಬೆನೆಡಿಕ್ಟೈನ್ ಮಠ, 1856ರಲ್ಲಿ. ಯೂನಿವರ್ಸಿಟಿ ಅದರ ಬೆನ್ನಿಗೆ. ಮಾರ್ಸೆಲ್ ಬ್ರಾಯರ್ ವಿನ್ಯಾಸ ಮಾಡಿದ ಕಾಂಕ್ರೀಟಿನ ದೊಡ್ಡ ಚರ್ಚು ಕ್ಯಾಂಪಸ್ಸಿನ ನಡುವೆ ನಿಂತಿದೆ. ದಿನಕ್ಕೆ ಹಲವು ಸಲ ಗಂಟೆ ಹೊಡೆಯುತ್ತದೆ, ಮಠದವರು ಸೇರಿ ಕೀರ್ತನೆಗಳನ್ನು ಹೇಳುತ್ತಾರೆ. ಕ್ಲಾಸಿನ ಟೈಮ್‌ಟೇಬಲ್ ಪ್ರಾರ್ಥನೆಯ ಹೊತ್ತಿಗೆ ಹೊಂದಿಕೊಳ್ಳಬೇಕೇ, ಪ್ರಾರ್ಥನೆ ಟೈಮ್‌ಟೇಬಲ್‌ಗೆ ಹೊಂದಿಕೊಳ್ಳಬೇಕೇ ಎಂಬ ತಿಕ್ಕಾಟ ಇಂಥ ಕಡೆ ತಪ್ಪಿದ್ದಲ್ಲ.

ಜೆಸ್ವಿಟರಿಗೆ ಈ ತಲೆನೋವೇ ಇಲ್ಲ. 1540ರಲ್ಲಿ ಶುರುವಾದ ಯೇಸುಸಭೆಗೆ ಇಗ್ನೇಷಿಯಸ್ ಲೊಯೋಲಾ ನಿಯಮ ಬರೆಯುವಾಗಲೇ, ದಿನದ ಪ್ರಾರ್ಥನೆಗಳನ್ನು ಒಟ್ಟಿಗೆ ಸೇರಿ ಹಾಡುವ ಕಟ್ಟುಪಾಡು ಬೇಡ ಎಂದುಬಿಟ್ಟರು. ಕೆಲಸ ಎಲ್ಲಿದೆಯೋ ಅಲ್ಲಿಗೆ ಓಡಬೇಕಾದವರಿಗೆ ಗಂಟೆಯ ಹಗ್ಗ ಯಾಕೆ ಅಂತ. ಆ ಕಾಲಕ್ಕೆ ಇದು ಹಲವರ ಹುಬ್ಬೇರಿಸಿದ ಮಾತು. ಹಾಗಾಗಿ ಜೆಸ್ವಿಟ್ ಮನೆಯಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಹೊತ್ತಿಗೆ ಪ್ರಾರ್ಥನೆ ಪುಸ್ತಕ ಹಿಡಿಯುತ್ತಾರೆ. ಎಲ್ಲರನ್ನೂ ಸೇರಿಸುವುದು ಬಲಿಪೂಜೆ (ಮಾಸ್) ಮತ್ತು ರಾತ್ರಿ ಊಟ. ಅನೇಕ ಮನೆಗಳಲ್ಲಿ ವಾರಕ್ಕೊಂದು ಸಂಜೆ ಮನೆಯವರಿಗೆ ಅಂತಲೇ ಮೀಸಲು. ಅವತ್ತು ಸೆಮಿನಾರು, ಮೀಟಿಂಗು ಏನಿದ್ದರೂ ಬದಿಗಿಟ್ಟು ಬರಬೇಕು. ಸಂಜೆ ಕ್ಲಾಸು, ವಿದೇಶದಲ್ಲಿ ಕಾನ್ಫರೆನ್ಸು ಅಂತ ಮೇಜಿನ ಕುರ್ಚಿಗಳು ಒಂದೊಂದೇ ಖಾಲಿಯಾಗುತ್ತಾ ಹೋದರೆ ಮನೆ ನಿಧಾನಕ್ಕೆ ಲಾಡ್ಜ್ ಆಗಿಬಿಡುತ್ತದೆ. ಇದು ಅವರೇ ಹೇಳಿಕೊಳ್ಳುವ ಭಯ.

ಇನ್ನೊಂದು ವ್ಯತ್ಯಾಸ ಇನ್ನೂ ಆಳದ್ದು. ಬೆನೆಡಿಕ್ಟೈನರು ಸ್ಥಿರವಾಸದ ವ್ರತ ತೊಡುತ್ತಾರೆ. ಸೇರಿದ ಮಠದಲ್ಲೇ ಜೀವನಪೂರ್ತಿ. ಅವರಿಗೆ ಕ್ಯಾಂಪಸ್ ಅಂದರೆ ಹುಟ್ಟಿದ ಮನೆಗಿಂತ ಹೆಚ್ಚು. ಜೆಸ್ವಿಟರದು ತದ್ವಿರುದ್ಧ. ಪ್ರಾಂತ್ಯದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ ಒಂದು ಮಾತು ಹೇಳಿದರೆ ಪೆಟ್ಟಿಗೆ ಕಟ್ಟಬೇಕು. ಮೂವತ್ತು ವರ್ಷ ಒಂದೇ ಕಡೆ ಪಾಠ ಮಾಡಿದವರೂ ‘ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ’ ಎನ್ನುತ್ತಾರೆಯೇ ಹೊರತು ‘ಇಲ್ಲಿ ಕೆಲಸ ಸಿಕ್ಕಿತು’ ಎನ್ನುವುದಿಲ್ಲ.

ಹಾಗಾದರೆ ಕೆಮಿಸ್ಟ್ರಿ ಫಾದರ್‌ಗೆ ಬಾಸ್ ಯಾರು? ಇಬ್ಬರು. ಕೆಲಸಕ್ಕೆ ತಗೊಳ್ಳುವುದು ವಿಭಾಗ, ಬಡ್ತಿ ಕೊಡುವುದು ಯೂನಿವರ್ಸಿಟಿ. ಸಂಶೋಧನೆ ಸಾಲದಿದ್ದರೆ ಬಡ್ತಿ ನಿಲ್ಲುತ್ತದೆ, ಫಾದರ್ ಅಂತ ರಿಯಾಯಿತಿ ಇಲ್ಲ. ಆದರೆ ಅರ್ಜಿ ಹಾಕುವ ಮೊದಲೇ ಸಭೆ ಹೂಂ ಅನ್ನಬೇಕು. ಕೆಲಸ ಸಿಕ್ಕ ಮೇಲೂ ಸಭೆ ಅವರನ್ನು ವಾಪಸ್ ಕರೆಯಬಹುದು. ಮನೆಗೆ ಒಬ್ಬರು ಮೇಲ್ವಿಚಾರಕರು ಇರುತ್ತಾರೆ. ಜೆಸ್ವಿಟರಲ್ಲಿ ಅವರನ್ನು ರೆಕ್ಟರ್ ಎನ್ನುತ್ತಾರೆ, ಮೇಲಿನವರು ನೇಮಿಸುತ್ತಾರೆ. ಡೊಮಿನಿಕನ್ನರು ಪ್ರಯರ್ ಎನ್ನುತ್ತಾರೆ. ಆ ಮನೆಯವರೇ ಓಟು ಹಾಕಿ ಮೂರು ವರ್ಷಕ್ಕೆ ಆರಿಸುತ್ತಾರೆ. ಅಂದರೆ ಹಗಲು ಯೂನಿವರ್ಸಿಟಿಯ ಅಧ್ಯಕ್ಷರಾಗಿ ಸಾವಿರಾರು ಜನರಿಗೆ ಆಜ್ಞೆ ಮಾಡುವವರು ರಜೆಯಲ್ಲಿ ತಂಗಿಯ ಮನೆಗೆ ಹೋಗಬೇಕಾದರೆ ಈ ಮೇಲ್ವಿಚಾರಕರಿಗೆ ಹೇಳಿ ಹೋಗಬೇಕು. ಮೇಲ್ವಿಚಾರಕರು ಹಗಲು ಅದೇ ಯೂನಿವರ್ಸಿಟಿಯಲ್ಲಿ ಒಬ್ಬ ಸಾದಾ ಲೆಕ್ಚರರ್ ಆಗಿದ್ದರೂ ಸರಿ.

ವಿಧೇಯತೆ ಬರೀ ಬಾಯಿಮಾತಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ರಾಬರ್ಟ್ ಡ್ರೈನನ್. ಜೆಸ್ವಿಟ್ ಗುರು, ಬಾಸ್ಟನ್ ಕಾಲೇಜಿನ ಕಾನೂನು ಶಾಲೆಗೆ ಡೀನ್ ಆಗಿದ್ದವರು. ಆಮೇಲೆ ಚುನಾವಣೆಗೆ ನಿಂತು ಗೆದ್ದು 1971ರಿಂದ ಅಮೆರಿಕದ ಸಂಸತ್ತಿನಲ್ಲಿ ಇದ್ದರು. 1980ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕಡೆಯಿಂದ, ಗುರುಗಳು ಇಂಥ ಅಧಿಕಾರದಲ್ಲಿ ಇರಕೂಡದು ಎಂಬ ಆಜ್ಞೆ ಸಭೆಯ ಮೂಲಕ ಬಂತು. ಡ್ರೈನನ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಜಾರ್ಜ್‌ಟೌನ್ ಯೂನಿವರ್ಸಿಟಿಗೆ ಹೋಗಿ 2007ರಲ್ಲಿ ತೀರಿಕೊಳ್ಳುವವರೆಗೂ ಕಾನೂನು ಪಾಠ ಮಾಡಿದರು. ಅವರ ಮತದಾರರಿಗೆ ಸಿಟ್ಟು ಬಂದಿರಬಹುದು. ಆದರೆ ವ್ರತ ತೊಟ್ಟಿದ್ದು ಮತದಾರರ ಮುಂದೆ ಅಲ್ಲವಲ್ಲ.

ಈ ಇಬ್ಬರು ಬಾಸ್‌ಗಳ ಜಗಳ ಯೂನಿವರ್ಸಿಟಿ ಎಂಬ ಸಂಸ್ಥೆಯಷ್ಟೇ ಹಳೆಯದು. 1253ರಲ್ಲಿ ಪ್ಯಾರಿಸ್‌ನಲ್ಲಿ ಗಲಾಟೆಯಾಗಿ ನಗರದ ಕಾವಲಿನವರ ಕೈಯಲ್ಲಿ ಒಬ್ಬ ವಿದ್ಯಾರ್ಥಿ ಸತ್ತ. ಮೇಷ್ಟ್ರುಗಳೆಲ್ಲ ಪಾಠ ನಿಲ್ಲಿಸಿ ಮುಷ್ಕರ ಹೂಡಿದರು. ಡೊಮಿನಿಕನ್ನರು, ಫ್ರಾನ್ಸಿಸ್ಕನ್ನರು ಮಾತ್ರ ತಮ್ಮ ಮಠಗಳಲ್ಲಿ ಪಾಠ ಮುಂದುವರಿಸಿದರು. ನೀವು ನಮ್ಮ ಸಂಘದವರೋ ಅಲ್ಲವೋ ಅಂತ ಯೂನಿವರ್ಸಿಟಿ ಕೇಳಿತು, ನಿಯಮಗಳಿಗೆ ಪ್ರಮಾಣ ಮಾಡಿ ಎಂದಿತು. ಒಪ್ಪದಿದ್ದಾಗ ಹೊರಹಾಕಿತು. 1255ರಲ್ಲಿ ಪೋಪ್ ನಾಲ್ಕನೇ ಅಲೆಕ್ಸಾಂಡರ್ ಇವರನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಆಜ್ಞೆ ಮಾಡಿದರೂ ಸಿಟ್ಟು ಆರಲಿಲ್ಲ. ಡೊಮಿನಿಕನ್ ಮಠಕ್ಕೆ ರಾಜನ ಬಿಲ್ಲುಗಾರರ ಕಾವಲು ಬೇಕಾಯಿತು. ಆ ಗದ್ದಲದ ನಡುವೆ ಸಿಕ್ಕಿಕೊಂಡಿದ್ದವರಲ್ಲಿ ಡೊಮಿನಿಕನ್ ಥಾಮಸ್ ಅಕ್ವಿನಾಸ್ ಒಬ್ಬರು. ಅವರನ್ನೂ ಫ್ರಾನ್ಸಿಸ್ಕನ್ ಬೊನವೆಂಚರ್ ಅವರನ್ನೂ ಮೇಷ್ಟ್ರುಗಳು ತಮ್ಮ ಸಂಘಕ್ಕೆ ಸೇರಿಸಿಕೊಂಡದ್ದು 1257ರಲ್ಲಿ. ನನಗೆ ಇಲ್ಲಿ ಮೇಷ್ಟ್ರುಗಳ ಸಿಟ್ಟೂ ನ್ಯಾಯವಾಗಿಯೇ ಕಾಣುತ್ತದೆ. ಮುಷ್ಕರದ ದಿನ ಪಾಠ ಮಾಡುವವರನ್ನು ಯಾವ ಸಂಘ ತಾನೇ ಇಷ್ಟಪಡುತ್ತದೆ?

ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ ಎಂದಿದ್ದೆ. ಬಹಳ ಕಾಲ ಮನೆಗೂ ಕಾಲೇಜಿಗೂ ಒಂದೇ ಹಣದ ಗಂಟು ಇತ್ತು. ಮನೆಯ ರೆಕ್ಟರೇ ಕಾಲೇಜಿನ ಅಧ್ಯಕ್ಷ. ಜೆಸ್ವಿಟರು ಸಂಬಳವಿಲ್ಲದೆ ದುಡಿಯುತ್ತಿದ್ದರು, ಕಾಲೇಜು ಅವರಿಗೆ ಊಟ ಹಾಕುತ್ತಿತ್ತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಒಂದೇ ಗಂಟು ಅಂದರೆ ಸಾಲವೂ ಒಂದೇ, ಪಾಪವೂ ಒಂದೇ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿಟರು ತಮ್ಮ ತೋಟಗಳಲ್ಲಿ ಗುಲಾಮರಾಗಿದ್ದ 272 ಜನರನ್ನು, ಗಂಡಸರು ಹೆಂಗಸರು ಮಕ್ಕಳೆನ್ನದೆ, ಲೂಸಿಯಾನಕ್ಕೆ ಮಾರಿದರು. ಬೆಲೆ ಸುಮಾರು 1,15,000 ಡಾಲರ್. ಅದರಲ್ಲಿ ಒಂದು ಪಾಲು ಅವರೇ ನಡೆಸುತ್ತಿದ್ದ ಜಾರ್ಜ್‌ಟೌನ್‌ನ ಸಾಲ ತೀರಿಸಲು ಹೋಯಿತು. ಬಡತನದ ವ್ರತ ತೊಟ್ಟವರು ಒಬ್ಬೊಬ್ಬರಾಗಿ ಒಂದು ಅಂಗಿಯನ್ನೂ ‘ನನ್ನದು’ ಎನ್ನುತ್ತಿರಲಿಲ್ಲ, ಎಲ್ಲರೂ ಸೇರಿ ಮನುಷ್ಯರನ್ನು ‘ನಮ್ಮದು’ ಎಂದಿದ್ದರು. 2017ರಲ್ಲಿ ಯೂನಿವರ್ಸಿಟಿ ಮತ್ತು ಸಭೆ ಎರಡೂ ಮಾರಾಟವಾದವರ ವಂಶದವರ ಮುಂದೆ ಕ್ಷಮೆ ಕೇಳಿದವು. ಒಂದು ಕಟ್ಟಡಕ್ಕೆ, ಮಾರಾಟವಾದವರ ಪಟ್ಟಿಯಲ್ಲಿ ಮೊದಲು ಬರುವ ಐಸಾಕ್ ಹಾಕಿನ್ಸ್ ಅವರ ಹೆಸರಿಟ್ಟರು.

ಗಂಟು ಬೇರೆಯಾದದ್ದು 1960ರ ದಶಕದ ಕೊನೆಗೆ. ಯೂನಿವರ್ಸಿಟಿಗಳು ದೊಡ್ಡದಾಗಿದ್ದವು, ಬಜೆಟ್ಟು ಊದಿತ್ತು, ಸರ್ಕಾರದ ಅನುದಾನ ಬೇಕಿತ್ತು. 1966ರಲ್ಲಿ ಮೇರಿಲ್ಯಾಂಡಿನ ಕೋರ್ಟೊಂದು ಕೆಲವು ಧಾರ್ಮಿಕ ಕಾಲೇಜುಗಳಿಗೆ ರಾಜ್ಯದ ಹಣ ಕೊಡುವುದು ತಪ್ಪು ಎಂದಿತು. ಎಲ್ಲರ ಎದೆ ಝಲ್ ಎಂದಿತು. 1967ರಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿಯೂ ನೋಟರ್ ಡೇಮ್ ಯೂನಿವರ್ಸಿಟಿಯೂ ಆಡಳಿತವನ್ನು ಸಾಮಾನ್ಯ ಗೃಹಸ್ಥರೇ ಹೆಚ್ಚಾಗಿರುವ ಮಂಡಳಿಯ ಕೈಗೆ ಕೊಟ್ಟವು. ಅದೇ ವರ್ಷ ವಿಸ್ಕಾನ್ಸಿನ್‌ನ ಲ್ಯಾಂಡ್ ಓ ಲೇಕ್ಸ್ ಎಂಬಲ್ಲಿ ಕ್ಯಾಥೊಲಿಕ್ ಶಿಕ್ಷಣದ ಮುಖಂಡರು ಸೇರಿ, ಎದುರಿಗಿರುವ ಅಧಿಕಾರ ಪಾದ್ರಿಗಳದ್ದಾದರೂ ಸರಿ ಮತ್ತೊಬ್ಬರದ್ದಾದರೂ ಸರಿ, ಯೂನಿವರ್ಸಿಟಿ ಅದರಿಂದ ನಿಜವಾಗಿ ಸ್ವತಂತ್ರವಾಗಿರಬೇಕು ಎಂದು ಬರೆದುಕೊಟ್ಟರು. ಆಮೇಲೆ ಒಂದೊಂದೇ ಕಡೆ ಜೆಸ್ವಿಟ್ ಮನೆ ಕಾನೂನಿನ ಪ್ರಕಾರ ಬೇರೆ ಸಂಸ್ಥೆಯಾಯಿತು. ರೆಕ್ಟರ್ ಬೇರೆ, ಅಧ್ಯಕ್ಷ ಬೇರೆ. ಸಂಬಳವನ್ನು ಎಲ್ಲರಷ್ಟೇ ಲೆಕ್ಕ ಹಾಕಿ ಮನೆಗೆ ಕೊಡು, ಮನೆ ತನ್ನಿಷ್ಟದಿಂದ ದಾನ ಕೊಡಲಿ: ಸುತ್ತಿ ಬಳಸುವ ದಾರಿ ಹುಟ್ಟಿದ್ದು ಹೀಗೆ. ಎಲ್ಲರೂ ಪೂರ್ತಿ ಕೈಬಿಡಲಿಲ್ಲ ಅನ್ನಿ. ನೋಟರ್ ಡೇಮ್‌ನಲ್ಲಿ ಇವತ್ತಿಗೂ ಅಧ್ಯಕ್ಷರಾಗುವವರು ಹೋಲಿ ಕ್ರಾಸ್ ಸಭೆಯ ಗುರುವೇ ಆಗಿರಬೇಕು.

ಎಲ್ಲರೂ ಆ ಒಂದೇ ಮನೆಯಲ್ಲಿ ಮಲಗುತ್ತಾರೆ ಅಂತಲೂ ಇಲ್ಲ. ನೋಟರ್ ಡೇಮ್‌ನಲ್ಲಿ, ಡೊಮಿನಿಕನ್ನರ ಪ್ರಾವಿಡೆನ್ಸ್ ಕಾಲೇಜಿನಲ್ಲಿ ಕೆಲವು ಗುರುಗಳು ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲೇ ಕೋಣೆ ಮಾಡಿಕೊಂಡು ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ಅಳುವ ಹುಡುಗರಿಗೂ ಸಿಗಬೇಕು, ಬೆಳಗ್ಗೆ ಸಭೆಯವರ ಪ್ರಾರ್ಥನೆಗೂ ಹೋಗಬೇಕು. ನಿದ್ದೆಯ ಲೆಕ್ಕ ಯಾರೂ ಕೇಳುವುದಿಲ್ಲ.

ಮನೆಯ ಬಾಗಿಲು ಮಾತ್ರ ಎಲ್ಲರಿಗೂ ಪೂರ್ತಿ ತೆರೆದಿರುವುದಿಲ್ಲ. ಒಂದು ಭಾಗ ಸದಸ್ಯರಿಗೇ ಮೀಸಲಿರಬೇಕು ಎನ್ನುತ್ತದೆ ಚರ್ಚ್ ಕಾನೂನಿನ 667ನೇ ವಿಧಿ. ಖಾಸಗಿತನ ಬೇಕು, ಒಪ್ಪೋಣ. ಆದರೆ ಮುಚ್ಚಿದ ಬಾಗಿಲಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಸ್ಪೋಕೇನ್ ನಗರದ ಗೊನ್ಜಾಗಾ ಯೂನಿವರ್ಸಿಟಿಯ ಕ್ಯಾಂಪಸ್ಸಿನ ನಡುವೆ ಕಾರ್ಡಿನಲ್ ಬೇಯಾ ಹೌಸ್ ಎಂಬ ಜೆಸ್ವಿಟ್ ಮನೆ ಇತ್ತು. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಜೆಸ್ವಿಟರನ್ನು ಸಭೆ ಅಲ್ಲಿ ವರ್ಷಗಟ್ಟಲೆ ಇರಿಸಿತ್ತು. 2018ರಲ್ಲಿ ಪತ್ರಕರ್ತರ ತನಿಖೆಯಿಂದ ವಿಷಯ ಹೊರಬಿತ್ತು. ಸುತ್ತ ಓದುತ್ತಿದ್ದ ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಮನೆ ಬೇರೆ, ಯೂನಿವರ್ಸಿಟಿ ಬೇರೆ ಎಂಬ ಮಾತು ಇಲ್ಲಿ ಎಷ್ಟು ಅಪಾಯದ್ದಾಯಿತು ನೋಡಿ. ಜಾಗ ಸಭೆಯದು, ನಿರ್ಧಾರ ಸಭೆಯದು, ಹಾದುಹೋಗುವವರು ಮಾತ್ರ ವಿದ್ಯಾರ್ಥಿಗಳು.

ಈಗ ಮನೆಗಳು ಕುಗ್ಗುತ್ತಿವೆ. 1965ರಲ್ಲಿ ಜಗತ್ತಿನಲ್ಲಿ 36,000 ಜೆಸ್ವಿಟರಿದ್ದರು, ಇವತ್ತು 15,000ಕ್ಕೂ ಕಡಿಮೆ. ಜಾರ್ಜ್‌ಟೌನ್ 2001ರಲ್ಲಿ ಮೊದಲ ಸಲ ಗುರುವಲ್ಲದ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಊಟದ ಕೋಣೆಯಲ್ಲಿ ಮೇಜುಗಳು ಕಡಿಮೆಯಾಗಿವೆ, ವಾಕರ್‌ಗಳು ಜಾಸ್ತಿಯಾಗಿವೆ.

ಮನೆ ಬಿಟ್ಟರೂ ಕ್ಯಾಂಪಸ್ ಬಿಡದವರಿದ್ದಾರೆ. ನೋಟರ್ ಡೇಮ್‌ನಲ್ಲಿ ಹೋಲಿ ಕ್ರಾಸ್ ಸಭೆಯವರ ಸಮಾಧಿ ಸ್ಥಳ ಇದೆ. ಒಂದೇ ಅಳತೆಯ ಸಣ್ಣ ಕಲ್ಲಿನ ಶಿಲುಬೆಗಳು ಸಾಲು ಸಾಲಾಗಿ ನಿಂತಿವೆ. 1952ರಿಂದ 1987ರವರೆಗೆ, 35 ವರ್ಷ ಅಲ್ಲಿ ಅಧ್ಯಕ್ಷರಾಗಿದ್ದ ಥಿಯೋಡರ್ ಹೆಸ್ಬರ್ಗ್ 2015ರಲ್ಲಿ ತೀರಿಕೊಂಡರು. ಕ್ಯಾಂಪಸ್ಸಿನ ದೊಡ್ಡ ಲೈಬ್ರರಿಗೆ ಅವರ ಹೆಸರಿದೆ. ಸಮಾಧಿಯ ಮೇಲಿರುವುದು ಪಕ್ಕದವರದ್ದೇ ಅಳತೆಯ ಶಿಲುಬೆ.

ಕೆಮಿಸ್ಟ್ರಿ ಫಾದರ್ ನಿವೃತ್ತರಾದ ಮೇಲೆ ಆ ಹುದ್ದೆಗೆ ಬರುವವರು ಬಹುಶಃ ಸಂಸಾರಸ್ಥರು. ಸಂಬಳ ನೇರವಾಗಿ ಅವರ ಖಾತೆಗೆ ಬೀಳುತ್ತದೆ. ಫಾದರ್ ಇದ್ದಾಗ ಮನೆಯಿಂದ ಸ್ಕಾಲರ್‌ಶಿಪ್ಪಿಗೆ ಬರುತ್ತಿದ್ದ ದೇಣಿಗೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಅದನ್ನು ಎಲ್ಲಿಂದ ತುಂಬುವುದು ಅಂತ ಯೂನಿವರ್ಸಿಟಿಯ ಅಕೌಂಟ್ಸ್ ವಿಭಾಗದವರು ಈಗಲೇ ಲೆಕ್ಕ ಹಾಕುತ್ತಾ ಕೂತಿರುತ್ತಾರೆ.